ಊಟವಾದ ಮೇಲೆ ಕೊಡುವ ಕಾಗದ

ಕೆಟ್ಟ ಸುದ್ದಿಯ ಕಾಗದವನ್ನು ಹಸಿದವರ ಕೈಗೆ ಕೊಡಬಾರದು ಎಂಬ ನಿಯಮ ಸರ್ಕಾರದ ಯಾವ ಪುಸ್ತಕದಲ್ಲೂ ಇಲ್ಲ. ನಮ್ಮ ಕಚೇರಿಯಲ್ಲಿ ಮಾತ್ರ ಅದು ಇಪ್ಪತ್ತೊಂಬತ್ತು ವರ್ಷ ಚಾಚೂ ತಪ್ಪದೆ ಜಾರಿಯಲ್ಲಿತ್ತು. ಅದನ್ನು ಜಾರಿಗೆ ತಂದವರು ಟಪಾಲಣ್ಣ. ಪಾಲಿಸಿದವರೂ ಅವರೊಬ್ಬರೇ.

ನಮ್ಮದು ಕೇಂದ್ರ ಸರ್ಕಾರದ ನದಿ ಅಳತೆ ಕಚೇರಿ. ನದಿಯಲ್ಲಿ ನೀರು ಎಷ್ಟಿದೆ ಎಂದು ದಿನಕ್ಕೆ ಮೂರು ಸಲ ನೋಡಿ, ಬರೆದು, ಮೇಲಿನವರಿಗೆ ಕಳಿಸುವುದು ನಮ್ಮ ಕೆಲಸ. ನದಿ ಒಂದೇ, ಕಾಗದ ಸಾವಿರ. ಬರುವ ಕಾಗದಕ್ಕೂ ಹೋಗುವ ಕಾಗದಕ್ಕೂ ನಂಬರು ಹಾಕಿ, ದಪ್ಪ ಟಪಾಲು ಪುಸ್ತಕದಲ್ಲಿ ಏರಿಸಿ, ಸೇರಬೇಕಾದವರಿಗೆ ಸೇರಿಸುವವರು ಟಪಾಲಣ್ಣ. ಅವರ ಎದುರು ಕೂತು ಆ ಕಾಗದಗಳನ್ನು ಟೈಪ್ ಮಾಡುವವನು ನಾನು. ಕಚೇರಿಯಲ್ಲಿ ಎದುರುಬದುರು, ಕ್ವಾರ್ಟರ್ಸಿನಲ್ಲಿ ಅಕ್ಕಪಕ್ಕ. ನಮ್ಮ ಮನೆಗಳ ನಡುವಿನ ಗೋಡೆ ಕಟ್ಟಿದ ಗುತ್ತಿಗೆದಾರ ಸಿಮೆಂಟಿನ ವಿಷಯದಲ್ಲಿ ತುಂಬ ಸಂಯಮಿ. ಹಾಗಾಗಿ ಅವರ ಮನೆಯ ಮಾತೂ ನನಗೆ ಕೇಳುತ್ತದೆ. ಕದ್ದು ಕೇಳಿದೆ ಎಂದು ಯಾರೂ ತಿಳಿಯಬಾರದು.

ವರ್ಗಾವಣೆ, ಮೆಮೊ, 'ನಿಮ್ಮ ಬಡ್ತಿಯನ್ನು ಪರಿಗಣಿಸಲಾಗಿಲ್ಲ' ಎಂಬಂಥ ಕಾಗದಗಳು ಬೆಳಗ್ಗೆ ಹತ್ತಕ್ಕೇ ಸಹಿಯಾಗಿ ಬಂದರೂ ಟಪಾಲಣ್ಣ ಅವನ್ನು ಡ್ರಾಯರಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಮಧ್ಯಾಹ್ನ ಎರಡಕ್ಕೆ ಸಂಬಂಧಪಟ್ಟವರ ಮೇಜಿನ ಹತ್ತಿರ ಹೋಗಿ, "ಊಟ ಆಯ್ತಾ?" ಎಂದು ಕೇಳುತ್ತಿದ್ದರು. ಆಯಿತು ಎಂದರೆ ಕಾಗದ ಹೊರಬರುತ್ತಿತ್ತು. ಹೀಗಾಗಿ ಅವರು ಬಾಯಿ ತೆರೆದ ಕೂಡಲೇ ಕೆಲವರಿಗೆ ಉಂಡದ್ದು ಗಂಟಲಿಗೆ ಬರುತ್ತಿತ್ತು. ನಕ್ಷೆ ಬರೆಯುವವನೊಬ್ಬ ತನ್ನ ವರ್ಗಾವಣೆಯ ಸುಳಿವು ಸಿಕ್ಕಿ, ಮೂರು ದಿನದಿಂದ ಊಟವನ್ನೇ ಮಾಡಿಲ್ಲ ಎಂದು ಸಾಧಿಸಿದ. ನಾಲ್ಕನೇ ದಿನ ಟಪಾಲಣ್ಣ ತಮ್ಮ ಡಬ್ಬಿಯನ್ನೇ ಅವನ ಮುಂದೆ ಬಿಚ್ಚಿ, ಕೂತು ತಿನ್ನಿಸಿ, ಕೈ ತೊಳೆಸಿ, ಆಮೇಲೆ ಕಾಗದ ಕೊಟ್ಟರು.

ಆದರೆ ಟಪಾಲು ಪುಸ್ತಕ ಸಂಜೆ ಸೂಪರಿಂಟೆಂಡೆಂಟರ ಮೇಜಿಗೆ ಹೋಗಬೇಕು, ಒಂದು ಅಂಕಣವೂ ಖಾಲಿ ಇರಬಾರದು. ಅದಕ್ಕಾಗಿ ಟಪಾಲಣ್ಣ 'ಮುದ್ದಾಂ ತಲುಪಿದೆ', ಅಂದರೆ ಖುದ್ದಾಗಿ ಕೈಗೇ ಕೊಟ್ಟಾಯಿತು, ಎಂದು ಮೊದಲೇ ಬರೆದು, ಪಕ್ಕದಲ್ಲಿ ಪೆನ್ಸಿಲಿನಿಂದ ಸಣ್ಣದೊಂದು ಚುಕ್ಕೆ ಇಡುತ್ತಿದ್ದರು. ಚುಕ್ಕೆ ಇದ್ದರೆ ಊಟ ಬಾಕಿ ಎಂದರ್ಥ. ಕಾಗದ ಕೈ ಸೇರಿದ ಮೇಲೆ ರಬ್ಬರಿನಿಂದ ಅಳಿಸುತ್ತಿದ್ದರು. ಈ ಗುಟ್ಟು ಗೊತ್ತಿದ್ದದ್ದು ಅವರಿಗೆ ಮತ್ತು ನನಗೆ ಮಾತ್ರ.

ಅನರ್ಥ ಶುರುವಾದದ್ದು ಅವರ ಭಾವಮೈದನಿಂದ. ಅವನು ಒಂದು ಖಾಸಗಿ ಗೋದಾಮಿನಲ್ಲಿ ಹನ್ನೊಂದು ವರ್ಷ ಮೇಲ್ವಿಚಾರಕನಾಗಿದ್ದ. ಒಂದು ಬೆಳಗ್ಗೆ ಹಲ್ಲುಜ್ಜುತ್ತಿದ್ದಾಗ ಅವನ ಫೋನಿಗೆ ಒಂದು ಸಾಲು ಬಂತು. 'ಇಂದಿನಿಂದ ಬರುವ ಅಗತ್ಯವಿಲ್ಲ.' ಅವನು ಬಾಯಿ ಮುಕ್ಕಳಿಸಿ, ಚೀಲ ಹಿಡಿದು, ಸೀದಾ ಅಕ್ಕನ ಮನೆಗೆ ಬಂದ.

ಸಮಾಧಾನ ಹೇಳುವುದು ಒಂದು ವಿದ್ಯೆ. ಅದು ಟಪಾಲಣ್ಣನಿಗೆ ಬಾರದು. ಗೋಡೆಯಾಚೆಯಿಂದ ನನಗೆ ಕೇಳಿಸಿದ್ದು ಇಷ್ಟು.

"ನಮ್ಮಲ್ಲಿ ಹಂಗೆಲ್ಲ ಆಗಲ್ಲಪ್ಪ. ನನ್ನ ಕುರ್ಚಿ ಆ ಕಡೆಯಿಂದ ಈ ಕಡೆ ಹಾಕ್ಬೇಕಾದ್ರೂ ಕಾರಣ ಬರೆದು ಕೊಡ್ಬೇಕು. ಮೊದಲು ನೋಟಿಸು. ಉತ್ತರಕ್ಕೆ ಹತ್ತು ದಿನ. ಆಮೇಲೆ ದೋಷಾರೋಪಣೆ ಪಟ್ಟಿ. ಆಮೇಲೆ ವಿಚಾರಣಾಧಿಕಾರಿ. ನಮ್ಮ ಪರ ಮಾತಾಡೋಕೆ ನಾವೇ ಆರಿಸಿಕೊಂಡ ಒಬ್ಬ ಸಹಾಯಕ. ಆಮೇಲೆ ಎರಡನೇ ನೋಟಿಸು. ಆಮೇಲೆ ಮೇಲ್ಮನವಿ."

"ಇಷ್ಟೆಲ್ಲ ನಿಮಗೆ ಬಾಯಲ್ಲೇ ಬರುತ್ತಾ ಭಾವ?"

"ಇಪ್ಪತ್ತೊಂಬತ್ತು ವರ್ಷ," ಎಂದರು ಟಪಾಲಣ್ಣ. ಅದಕ್ಕಿಂತ ಹೆಚ್ಚು ಹೇಳಲಿಲ್ಲ.

ಅವರು ಸುಳ್ಳು ಹೇಳಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕು. ಈ ಹೆಸರುಗಳೆಲ್ಲ ಅವರಿಗೆ ಕ್ರಮವಾಗಿಯೇ ಗೊತ್ತಿದ್ದವು. ಏಕೆಂದರೆ ಅಂಥ ಪ್ರತಿ ಕಾಗದದ ನೆತ್ತಿಯ ಮೇಲಿರುವ 'ವಿಷಯ' ಎಂಬ ಸಾಲನ್ನು ಅವರು ಟಪಾಲು ಪುಸ್ತಕಕ್ಕೆ ಇಳಿಸಿಕೊಂಡಿದ್ದರು. ಆ ಸಾಲಿನ ಕೆಳಗೆ ಏನಿರುತ್ತದೆ ಎಂದು ಅವರು ಒಮ್ಮೆಯೂ ಓದಿರಲಿಲ್ಲ. ಬೇರೆಯವರ ಕಾಗದ ಓದುವುದು ಸಭ್ಯತೆಯಲ್ಲ ಎಂಬುದು ಅವರ ನಂಬಿಕೆ.

ಆ ಹೊತ್ತಿಗೆ ಹೊಲಿದ ಪ್ಯಾಂಟು ಕೊಡಲು ಬಂದ ಟೈಲರ್ ಬಾಗಿಲಲ್ಲಿ ನಿಂತಿದ್ದ. ಅವನ ಅಂಗಡಿಯಲ್ಲಿ ಬಟ್ಟೆ ನಿಧಾನ, ಸುದ್ದಿ ಬೇಗ. ವಾರದೊಳಗೆ ಟಪಾಲಣ್ಣನಿಗೆ ಸರ್ಕಾರದ ನಿಯಮಗಳೆಲ್ಲ ಕಂಠಪಾಠ ಎಂದಾಯಿತು. ಎರಡು ವಾರಕ್ಕೆ, ದೊಡ್ಡ ವಕೀಲರೂ ಸಂಶಯ ಬಂದರೆ ಇವರನ್ನೇ ಕೇಳುತ್ತಾರಂತೆ ಎಂದಾಯಿತು. ಹಿಂದಿನ ಬೀದಿಯ ಹೆಂಗಸೊಬ್ಬಳು ನೀರಿನ ತೊಟ್ಟಿಯ ಜಗಳಕ್ಕೆ ಮೇಲ್ಮನವಿ ಇದೆಯೇ ಎಂದು ಕೇಳಿಕೊಂಡು ಬಂದಳು. ಟಪಾಲಣ್ಣ ಯಾರಿಗೂ ಇಲ್ಲ ಎನ್ನಲಿಲ್ಲ. "ಕ್ರಮ ಅಂತ ಒಂದಿರುತ್ತೆ," ಎಂದು ತಲೆಯಾಡಿಸಿ ಕಳಿಸುತ್ತಿದ್ದರು. ಹೊಗಳಿಕೆ ಎಂಬುದು ಉಚಿತವಾಗಿ ಬಂದಾಗ ಬೇಡ ಎನ್ನುವ ಗಂಡಸನ್ನು ನಾನಿನ್ನೂ ಕಂಡಿಲ್ಲ.

ಹೀಗಿರುವಾಗ ಒಂದು ದಿನ ಮಟ್ಟದಮ್ಮ ಅವರ ಮೇಜಿನ ಮುಂದೆ ಬಂದು ನಿಂತಳು.

ನದಿಯ ಮೆಟ್ಟಿಲ ಮೇಲೆ ನಿಲ್ಲಿಸಿದ ಅಳತೆಯ ಹಲಗೆ ನೋಡಿ ನೀರಿನ ಮಟ್ಟ ಬರೆಯುವವಳು ಅವಳು, ಅದರಿಂದ ಆ ಹೆಸರು. ಗಂಡ ಬಣ್ಣ ಬಳಿಯುವ ಕೆಲಸದವನು, ಏಣಿಯಿಂದ ಬಿದ್ದು ಬೆನ್ನು ಮುರಿದುಕೊಂಡಿದ್ದ. ಅವಳು ಹನ್ನೊಂದು ದಿನ ಆಸ್ಪತ್ರೆಯಲ್ಲೇ ಇದ್ದಳು. ಮೊದಲ ದಿನ ಫೋನಿನಲ್ಲಿ ಹೇಳಿದ್ದಳು, ನಡುವೆ ಒಮ್ಮೆ ಕಚೇರಿಗೆ ಬಂದು ವಿಚಾರಿಸಿ ಹೋಗಿದ್ದಳು, ಕೆಲಸಕ್ಕೆ ಮರಳಿದ ಮೇಲೆ ರಜೆ ಅರ್ಜಿ ಕೊಟ್ಟಿದ್ದಳು. ಅಷ್ಟರಲ್ಲಿ ಅವಳ ಹೆಸರಿಗೆ ನೋಟಿಸು ಹೊರಟಿತ್ತು, ಅದಕ್ಕೆ ಉತ್ತರ ಬಂದಿರಲಿಲ್ಲ. ಈಗ ದೋಷಾರೋಪಣೆ ಪಟ್ಟಿ ಅಂಚೆಯಲ್ಲಿ ಮನೆಗೇ ಬಂದಿತ್ತು. ಒಂದು, ಅನುಮತಿಯಿಲ್ಲದೆ ಗೈರು. ಎರಡು, ಕಚೇರಿಯ ನೋಟಿಸಿಗೆ ಬೇಕೆಂದೇ ಉತ್ತರಿಸದ ಉದ್ಧಟತನ. ಮೊದಲನೆಯದಕ್ಕೆ ಸಂಬಳ ಹಿಡಿದರೆ ಮುಗಿಯಿತು. ಎರಡನೆಯದು ಸಾಬೀತಾದರೆ ಕೆಲಸವೇ ಹೋಗುವುದಿತ್ತು. ಹಾಸಿಗೆ ಹಿಡಿದ ಗಂಡ, ಅತ್ತೆ, ಶಾಲೆಗೆ ಹೋಗುವ ಮಗಳು, ಎಲ್ಲರಿಗೂ ಆ ಕೆಲಸವೊಂದೇ ಆಧಾರ.

ಅವಳ ಕೈಯಲ್ಲಿ ಒಂದು ನಮೂನೆ ಇತ್ತು. 'ನೌಕರರು ಆರಿಸಿಕೊಂಡ ರಕ್ಷಣಾ ಸಹಾಯಕರ ಹೆಸರು' ಎಂಬಲ್ಲಿ ಜಾಗ ಖಾಲಿ.

"ಅಣ್ಣ, ನಿಮ್ಮ ಹೆಸರು ಬರೀಲಾ? ನಿಮ್ಮನ್ನ ಬಿಟ್ರೆ ನನಗೆ ಯಾರೂ ಗೊತ್ತಿಲ್ಲ."

ಚಹಾದ ಹೊತ್ತು. ಕಚೇರಿಯ ಅರ್ಧ ಜನ ಲೋಟ ಹಿಡಿದು ನೋಡುತ್ತಿದ್ದರು. ಟಪಾಲಣ್ಣ ನನ್ನ ಕಡೆ ನೋಡಿದರು. ನಾನು ಟೈಪ್ ಮಾಡತೊಡಗಿದೆ. ಏನು ಟೈಪ್ ಮಾಡಿದೆ ಎಂದು ನನಗೂ ಗೊತ್ತಿಲ್ಲ.

"ಬರೀಮ್ಮ," ಎಂದರು ಅವರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

"ಇನ್ನೊಂದು ಅಣ್ಣ. ಆ ಮೊದಲನೇ ನೋಟಿಸು ನನಗೆ ಬಂದೇ ಇಲ್ಲ."

ಟಪಾಲಣ್ಣ ಕರುಣೆಯಿಂದ ನಕ್ಕರು. "ಎಲ್ಲರೂ ಹೇಳೋದೇ ಅದು. ನನ್ನ ಕೈಯಿಂದ ಹೊರಟ ಕಾಗದ ಸೇರದೇ ಇರಲ್ಲ ತಾಯಿ. ಆಸ್ಪತ್ರೆ ಗಡಿಬಿಡೀಲಿ ಎಲ್ಲೋ ಇಟ್ಟು ಮರೆತಿರ್ತೀಯ. ಅದೊಂದು ಮಾತು ಅಲ್ಲಿ ಎತ್ಬೇಡ."

ತನ್ನ ಕಕ್ಷಿಯ ಒಂದೇ ಒಂದು ನಿಜವನ್ನು ಮೊದಲ ದಿನವೇ ನಂಬದ ರಕ್ಷಕ ಸಿಗುವುದಕ್ಕೂ ಪುಣ್ಯ ಮಾಡಿರಬೇಕು.

ವಿಚಾರಣಾಧಿಕಾರಿ ಬೇರೆ ಕಚೇರಿಯಿಂದ ಬಂದ ಗಂಭೀರ ಮನುಷ್ಯ. ಆ ಕೋಣೆಯಲ್ಲಿ ಆಗುವುದೆಲ್ಲ ದಾಖಲಾಗಬೇಕು ಎಂಬುದು ಅವರ ವ್ರತ. ಬರೆದುಕೊಳ್ಳುವವನು ನಾನು. ನಾನು ಬರೆದ ಮೊದಲ ವಾಕ್ಯ 'ಫ್ಯಾನು ಸದ್ದು ಮಾಡುತ್ತಿದ್ದುದರಿಂದ ಆರಿಸಲಾಯಿತು' ಎಂದು. ಸರ್ಕಾರದ ಪರ ವಾದಿಸಲು ನಮ್ಮ ಸೂಪರಿಂಟೆಂಡೆಂಟರು. ಅವರು ಆರೋಪ ಓದಿ ಕೂತರು. ಟಪಾಲಣ್ಣ ಎದ್ದು ನಿಂತು, ಒಗೆದು ಇಸ್ತ್ರಿ ಮಾಡಿಸಿದ ಕೋಟಿನ ಗುಂಡಿ ಹಾಕಿಕೊಂಡರು.

"ವಿಷಯ," ಎಂದರು. "ನದಿ ಮಟ್ಟ ಓದುವವರ ಗೈರುಹಾಜರಿಯ ಕುರಿತು."

"ಸರಿ," ಎಂದರು ವಿಚಾರಣಾಧಿಕಾರಿ.

"ಉಲ್ಲೇಖ. ಈ ಕಚೇರಿಯ ಸಮಸಂಖ್ಯೆಯ ನೋಟಿಸು."

"ಸರಿ. ಮುಂದೆ?"

ಟಪಾಲಣ್ಣ ಕೋಟಿನ ಗುಂಡಿ ಮುಟ್ಟಿ ನೋಡಿಕೊಂಡರು. ಕೆಮ್ಮಿದರು. 'ರಕ್ಷಣಾ ಸಹಾಯಕರು ಕೆಮ್ಮಿದರು' ಎಂದು ನಾನು ಬರೆದೆ.

"ಮುಂದೆ ಏನ್ರೀ?"

"ಮುಂದೆ ಲಕೋಟೆ ಅಂಟಿಸ್ತೀವಿ ಸಾರ್."

ವಿಚಾರಣಾಧಿಕಾರಿ ಅವರನ್ನು ಒಂದು ನಿಮಿಷ ನೋಡಿದರು. ಆ ನಿಮಿಷವನ್ನೂ ದಾಖಲಿಸಿದೆವು. ಪಕ್ಕದಲ್ಲಿ ಕೂತಿದ್ದ ಮಟ್ಟದಮ್ಮ ತಲೆ ತಗ್ಗಿಸಲಿಲ್ಲ, ಅಳಲೂ ಇಲ್ಲ. ನನಗೇ ಮುಖ ಎತ್ತಲಾಗಲಿಲ್ಲ. ಕೊನೆಗೆ ಅವಳೇ ಮೆಲ್ಲಗೆ, "ಸಾರ್, ದಾಖಲೆಗಳ ಮೂಲಪ್ರತಿ ನೋಡೋ ಹಕ್ಕು ನಮಗಿದೆ ಅಂತ ಪುಸ್ತಕದಲ್ಲಿದೆ. ಟಪಾಲು ಪುಸ್ತಕ ನೋಡ್ಬೇಕು," ಎಂದಳು. ಬೆಳಗ್ಗೆ ಆರರ ಮಟ್ಟಕ್ಕೂ ಮಧ್ಯಾಹ್ನದ ಮಟ್ಟಕ್ಕೂ ನಡುವೆ ನದಿಯ ಮೆಟ್ಟಿಲ ಮೇಲೆ ಕೂತು ಅವಳು ಕಚೇರಿಯ ನಿಯಮದ ಪುಸ್ತಕ ಓದುತ್ತಿದ್ದಳು ಎಂದು ನಮಗೆ ಆಮೇಲೆ ತಿಳಿಯಿತು.

ದಾಖಲೆ ನೋಡುವುದಕ್ಕೂ ಕ್ರಮವಿದೆ. ರಕ್ಷಣಾ ಸಹಾಯಕರಾದ ಟಪಾಲಣ್ಣ ಅರ್ಜಿ ಬರೆದರು. ಅದು ಬಂದದ್ದು ಟಪಾಲಿಗೆ. ಟಪಾಲಣ್ಣ ಅದಕ್ಕೆ ನಂಬರು ಹಾಕಿ ಕಚೇರಿಯ ಮುಖ್ಯಸ್ಥರಾದ ಸಾಹೇಬರಿಗೆ ಕಳಿಸಿದರು. 'ಟಪಾಲು ಗುಮಾಸ್ತರು ಪುಸ್ತಕ ಹಾಜರುಪಡಿಸತಕ್ಕದ್ದು' ಎಂಬ ಆದೇಶ ಬಂತು. ಅದನ್ನು ಟಪಾಲಣ್ಣ ಟಪಾಲಣ್ಣನಿಗೆ ಮುದ್ದಾಂ ತಲುಪಿಸಿ ಸಹಿ ಪಡೆದರು. ಹೀಗೆ ಆರು ದಿನ ಕಳೆದ ಮೇಲೆ, ತಮ್ಮ ಮೊಣಕೈ ಕೆಳಗೇ ಇದ್ದ ಪುಸ್ತಕವನ್ನು ತಾವೇ ತೆಗೆದು ತಮ್ಮ ಮುಂದೆ ಇಟ್ಟುಕೊಂಡರು. ಸಾಕ್ಷಿಗೆ ನಾನಿದ್ದೆ.

ಹಾಳೆ ತಿರುವಿದರು. ಮಟ್ಟದಮ್ಮನ ಹೆಸರು. 'ಮುದ್ದಾಂ ತಲುಪಿದೆ.' ಅವರದೇ ದುಂಡನೆಯ ಅಕ್ಷರ. ಪಕ್ಕದಲ್ಲಿ ಪೆನ್ಸಿಲಿನ ಚುಕ್ಕೆ.

ಅವರು ರಬ್ಬರು ಹುಡುಕಲಿಲ್ಲ. ಡ್ರಾಯರು ಎಳೆದರು. ನೋಟಿಸು ಹೊರಟ ವಾರವೇ ಗೋಡೆಗೆ ಸುಣ್ಣ ಬಳಿಯುವಾಗ ಡ್ರಾಯರುಗಳನ್ನೆಲ್ಲ ಗಡಿಬಿಡಿಯಲ್ಲಿ ಖಾಲಿ ಮಾಡಿ, ತಳ ನೋಡದೆ ಹೊಸ ಪೇಪರು ಹಾಸಿದ್ದೆವು. ಆ ಪೇಪರಿನ ಅಡಿಯಲ್ಲಿ ನೋಟಿಸು ಮಲಗಿತ್ತು, ಮಡಿಕೆಯೂ ಬಿಚ್ಚಿರಲಿಲ್ಲ.

ಕೋಣೆಯಲ್ಲಿ ನಾವಿಬ್ಬರೇ. ಅವರ ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳು. ಕೊಡದ ಕಾಗದವನ್ನು ಕೊಟ್ಟೆ ಎಂದು ಬರೆಯುವುದು ಟಪಾಲಿನವನು ಮಾಡಬಹುದಾದ ಅತಿ ದೊಡ್ಡ ತಪ್ಪು. ಹರಿದು ಹಾಕಿ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನಾನು ಒಳ್ಳೆಯವನು ಎಂದು ಈ ಕಥೆಯಲ್ಲಿ ಎಲ್ಲೂ ಹೇಳಿಲ್ಲ.

"ಅವಳು ನಿಜಾನೇ ಹೇಳಿದ್ಲಲ್ಲೋ," ಎಂದರು ಟಪಾಲಣ್ಣ. ಕಾಗದವನ್ನು ಕೋಟಿನ ಜೇಬಿನಲ್ಲಿ ಇಟ್ಟುಕೊಂಡು ಮನೆಗೆ ಹೊರಟರು.

ಆ ಸಂಜೆ ಗೋಡೆಯಾಚೆ ಬಹಳ ಹೊತ್ತು ತಟ್ಟೆಗಳ ಸದ್ದು ಮಾತ್ರ ಇತ್ತು. ಆಮೇಲೆ ಅವರ ಹೆಂಡತಿಯ ದನಿ ಕೇಳಿತು.

"ಏನ್ರೀ, ನಾನು ತಿನ್ನೋದನ್ನೇ ನೋಡ್ತಾ ಕೂತಿದ್ದೀರಲ್ಲ. ಯಾವ ಕಾಗದ ಇಟ್ಕೊಂಡಿದ್ದೀರಿ?"

"ಮೊದಲು ಊಟ ಮುಗಿಸು."

"ಮುಗೀತು. ಹೇಳಿ."

ಅವರು ಹೇಳಿದರು. ಮೊದಲು ಮಾತಾಡಿದವನು ಭಾವಮೈದ.

"ಸುಮ್ನಿದ್ಬಿಡಿ ಭಾವ. ಆಯಮ್ಮನಿಗೆ ಇನ್ನೊಂದು ಕೆಲಸ ಸಿಗುತ್ತೆ."

"ನಿನಗೆ ಸಿಕ್ತಾ?" ಎಂದು ಅವನ ಅಕ್ಕ ಕೇಳಿದಳು.

ಅವನು ತಟ್ಟೆ ಸರಿಸಿದ ಸದ್ದಾಯಿತು. "ನನಗೆ ಒಂದು ಸಾಲು ಬಂತಕ್ಕ, ಬಾಯಲ್ಲಿ ಬ್ರಷ್ಷು ಇದ್ದಾಗ," ಎಂದ. "ಏನು ತಪ್ಪು ಮಾಡ್ದೆ ಅಂತ ಇವತ್ತಿಗೂ ಗೊತ್ತಿಲ್ಲ. ಯಾರಾದ್ರೂ ಕೂರಿಸ್ಕೊಂಡು ಕೇಳಿದ್ರೆ ಸಾಕಾಗಿತ್ತು. ಹೋಗಿ ಭಾವ, ಹೇಳ್ಬಿಡಿ."

ಎರಡನೇ ವಿಚಾರಣೆಯ ದಿನ ಟಪಾಲಣ್ಣ ಕೋಟು ಹಾಕಿರಲಿಲ್ಲ. ಎದ್ದು ನಿಂತು, "ನಾನು ಸಾಕ್ಷಿ ಹೇಳ್ಬೇಕು ಸಾರ್," ಎಂದರು.

ಸೂಪರಿಂಟೆಂಡೆಂಟರು ಆಕ್ಷೇಪಿಸಿದರು. ರಕ್ಷಣಾ ಸಹಾಯಕರೇ ಸಾಕ್ಷಿಯಾಗಲು ನಿಯಮವಿಲ್ಲ. ಅದು ಸರಿ ಎಂದು ವಿಚಾರಣಾಧಿಕಾರಿ ಹೇಳಿದರು. ಒಂದೋ ಇದು, ಇಲ್ಲವೇ ಅದು. ಮಟ್ಟದಮ್ಮ ಎದ್ದು ನಿಂತಳು.

"ಹಾಗಾದ್ರೆ ಇವರನ್ನ ಸಹಾಯಕರ ಸ್ಥಾನದಿಂದ ಬಿಡ್ತೀನಿ ಸಾರ್. ನನ್ನ ಪರ ನಾನೇ ಕೇಳ್ತೀನಿ. ಅದಕ್ಕೆ ಅವಕಾಶ ಇದೆ."

ಇಪ್ಪತ್ತೊಂಬತ್ತು ವರ್ಷಗಳಲ್ಲಿ ಯಾರೂ ಟಪಾಲಣ್ಣನನ್ನು ಯಾವ ಸ್ಥಾನದಿಂದಲೂ ತೆಗೆದಿರಲಿಲ್ಲ. ಅವರು ಕೃತಜ್ಞತೆಯಿಂದ ಕೈಮುಗಿದು, ನಾಲ್ಕು ಹೆಜ್ಜೆ ನಡೆದು, ಸಾಕ್ಷಿಯ ಕುರ್ಚಿಯಲ್ಲಿ ಕೂತರು. ಜೇಬಿನಿಂದ ನೋಟಿಸು ತೆಗೆದು ಮೇಜಿನ ಮೇಲಿಟ್ಟರು. ಸೂಪರಿಂಟೆಂಡೆಂಟರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ನೋಟಿಸು ಅಲ್ಲೇ ಇತ್ತು.

"ಇದು ನನಗೆ ಬರೆದ ನೋಟಿಸಾ?" ಎಂದು ಕೇಳಿದಳು ಮಟ್ಟದಮ್ಮ.

"ಹೌದು."

"ಕೊಟ್ಟಾಯ್ತು ಅಂತ ಪುಸ್ತಕದಲ್ಲಿ ಬರೆದವರು ಯಾರು?"

"ನಾನೇ."

"ಕೊಟ್ರಾ?"

"ಇಲ್ಲಮ್ಮ."

"ಯಾಕೆ ಕೊಡ್ಲಿಲ್ಲ ಅಣ್ಣ?"

ಸಾಕ್ಷಿಯನ್ನು ಅಣ್ಣ ಎಂದು ಕರೆಯಬಾರದು ಎನ್ನಲು ಸೂಪರಿಂಟೆಂಡೆಂಟರು ಬಾಯಿ ತೆರೆದರು. ವಿಚಾರಣಾಧಿಕಾರಿ ಕೈಸನ್ನೆಯಿಂದ ತಡೆದರು.

"ಅವತ್ತು ನೀನು ರಜೆ ವಿಚಾರಿಸೋಕೆ ಆಸ್ಪತ್ರೆಯಿಂದ ಬಂದಿದ್ದೆ," ಎಂದರು ಟಪಾಲಣ್ಣ. "ಕಾಗದ ನನ್ನ ಕೈಲೇ ಇತ್ತು. ಊಟ ಆಯ್ತಾ ಅಂತ ಕೇಳ್ದೆ. ಎರಡು ದಿನದಿಂದ ಏನೂ ತಿಂದಿಲ್ಲ ಅಣ್ಣ ಅಂದೆ. ಪುಸ್ತಕದಲ್ಲಿ ಊಟ ಬಾಕಿ ಅಂತ ಪೆನ್ಸಿಲ್ ಚುಕ್ಕೆ ಇಟ್ಟು, ಕಾಗದ ಡ್ರಾಯರಿನಲ್ಲಿ ಇಟ್ಬಿಟ್ಟೆ. ನಾಳೆ ಕೊಡೋಣ ಅಂತ. ಮಾರನೇ ದಿನ ನೀನು ಬರ್ಲಿಲ್ಲ. ಆಮೇಲೆ ನಾನು ಮರೆತೆ. ನೋಟಿಸು ಬಂದೇ ಇಲ್ಲ ಅಂತ ನೀನು ಹೇಳಿದ್ರೂ ನಂಬ್ಲಿಲ್ಲ. ಅದು ನನ್ನದೇ ತಪ್ಪು."

ನಾನು ಬರೆಯುವುದನ್ನು ನಿಲ್ಲಿಸಿದೆ. ವಿಚಾರಣಾಧಿಕಾರಿ ಕಿಟಕಿಯ ಕಡೆ ನೋಡುತ್ತಿದ್ದರು. ಆಮೇಲೆ ಮಟ್ಟದಮ್ಮನ ಕಡೆ ತಿರುಗಿ, "ಊಟದ ಮಾತು ದಾಖಲಾಗಬೇಕಾ?" ಎಂದು ಕೇಳಿದರು. ಆ ಕೋಣೆಯಲ್ಲಿ ಅವರು ಹಾಗೆ ಕೇಳಿದ್ದು ಅದೊಂದೇ ಸಲ.

"ಆಗಲಿ ಸಾರ್," ಎಂದಳು ಮಟ್ಟದಮ್ಮ.

ಬಾರದ ನೋಟಿಸಿಗೆ ಉತ್ತರ ಕೊಡದಿರುವುದು ಉದ್ಧಟತನವಲ್ಲ ಎಂದು ತಿಳಿಯಲು ಸರ್ಕಾರಕ್ಕೆ ಮೂರು ವಾರ ಹಿಡಿಯಿತು. ಎರಡನೇ ಆರೋಪ ಬಿದ್ದುಹೋಯಿತು. ಹನ್ನೊಂದು ದಿನವನ್ನು ರಜೆಯೆಂದು ಮಂಜೂರು ಮಾಡಿ ಮೊದಲನೆಯದನ್ನೂ ಕೈಬಿಟ್ಟರು. ಆ ಆದೇಶವನ್ನು ಟಪಾಲಣ್ಣ ಬೆಳಗ್ಗೆ ಹತ್ತೂವರೆಗೇ ನದಿಗೆ ಒಯ್ದು ಅವಳ ಕೈಗೆ ಕೊಟ್ಟರು. ಒಳ್ಳೆಯ ಕಾಗದಕ್ಕೆ ಹೊಟ್ಟೆಯ ಷರತ್ತಿಲ್ಲ.

ಅದೇ ದಿನ ಇನ್ನೊಂದು ಕಾಗದ ಸಹಿಯಾಯಿತು. ಅದನ್ನು ಟೈಪ್ ಮಾಡಿದವನು ನಾನೇ. ವಿಷಯ: ಟಪಾಲು ಪುಸ್ತಕದಲ್ಲಿ ಸುಳ್ಳು ದಾಖಲೆಯ ಕುರಿತು. ಹತ್ತು ದಿನದೊಳಗೆ ಕಾರಣ ತಿಳಿಸತಕ್ಕದ್ದು. ಟಪಾಲಣ್ಣ ನದಿಯಿಂದ ಬರುವಷ್ಟರಲ್ಲಿ ಅದು ಅವರ ಮೇಜಿನ ಮೇಲಿತ್ತು.

ಅವರು ಕೂತರು. ನಂಬರು ಹಾಕಿದರು. 'ಯಾರಿಗೆ' ಎಂಬಲ್ಲಿ ತಮ್ಮ ಹೆಸರು ಬರೆದರು. ಮುಂದಿನ ಅಂಕಣದಲ್ಲಿ ಈ ಸಲ ಏನೂ ಬರೆಯಲಿಲ್ಲ, ಪೆನ್ಸಿಲಿನ ಚುಕ್ಕೆ ಮಾತ್ರ ಇಟ್ಟರು. ಗಡಿಯಾರ ನೋಡಿದರು. ಹನ್ನೆರಡಾಗಿರಲಿಲ್ಲ. ಕಾಗದವನ್ನು ಡ್ರಾಯರಿನಲ್ಲಿ ಇಟ್ಟರು.

ಒಂದೂವರೆಗೆ ಡಬ್ಬಿ ಬಿಚ್ಚಿ ನಿಧಾನವಾಗಿ ಉಂಡರು. ಕೈ ತೊಳೆದು ಬಂದಾಗ ಮಟ್ಟದಮ್ಮ ಮೇಜಿನ ಹತ್ತಿರ ನಿಂತಿದ್ದಳು. ಕಂಕುಳಲ್ಲಿ ನಿಯಮದ ಪುಸ್ತಕ, ಅದರ ಅಂಚು ನದಿಯ ನೀರಿಗೆ ಉಬ್ಬಿತ್ತು. ಸುಳ್ಳು ದಾಖಲೆ ಒಪ್ಪಿಕೊಂಡವರಿಗೆ ನೋಟಿಸು ಬರುತ್ತದೆ ಎಂದು ಆ ಪುಸ್ತಕದಲ್ಲೇ ಇತ್ತು.

"ಅಣ್ಣ, ಊಟ ಆಯ್ತಾ?"

ಆ ಪ್ರಶ್ನೆ ಯಾರಾದರೂ ತಮ್ಮನ್ನು ಕೇಳಿಯಾರು ಎಂದು ಅವರು ಎಂದೂ ಎಣಿಸಿರಲಿಲ್ಲ. "ಆಯ್ತಮ್ಮ," ಎಂದರು.

"ಹಾಗಾದ್ರೆ ತಗೊಳ್ಳಿ."

ಡ್ರಾಯರಿನಿಂದ ಕಾಗದ ತೆಗೆದು ಅವಳೇ ಅವರ ಕೈಗೆ ಕೊಟ್ಟಳು. ಅವರು ಪುಸ್ತಕದಲ್ಲಿ ಸಹಿ ಹಾಕಿದರು. ಆಮೇಲೆ ಕಾಗದ ಬಿಚ್ಚಿ 'ವಿಷಯ' ಓದಿದರು, 'ಉಲ್ಲೇಖ' ಓದಿದರು. ಈ ಸಲ ಅಲ್ಲಿಗೆ ನಿಲ್ಲಲಿಲ್ಲ. ಕೊನೆಯ ಸಾಲಿನವರೆಗೆ ಓದಿ ನನ್ನ ಕಡೆ ನೋಡಿದರು.

"ಇದನ್ನ ಟೈಪ್ ಹೊಡೆಯುವಾಗ ನಿನ್ನ ತಿಂಡಿ ಆಗಿತ್ತೇನೋ?"

"ಇಲ್ಲ ಅಣ್ಣ. ಅವಸರ ಮಾಡಿದ್ರು."

"ಅನ್ಕೊಂಡೆ," ಎಂದರು. "ಬಹಳ ಬಿರುಸಾಗಿದೆ."

ಮಟ್ಟದಮ್ಮ ಎದುರಿನ ಸ್ಟೂಲು ಎಳೆದು ಕೂತಳು. ಪುಸ್ತಕ ಬಿಚ್ಚಿ, ಗುರುತಿಗೆ ಇಟ್ಟಿದ್ದ ಒಂದು ನಮೂನೆ ತೆಗೆದಳು. ರಕ್ಷಣಾ ಸಹಾಯಕರ ಹೆಸರು ಎಂಬಲ್ಲಿ ಆಗಲೇ ತನ್ನ ಹೆಸರು ತುಂಬಿದ್ದಳು.

"ಹತ್ತು ದಿನ ಇದೆ ಅಣ್ಣ. ಉತ್ತರ ನಾನು ಬರೀತೀನಿ. ನೀವು ನಂಬರು ಹಾಕಿ, ಸಾಕು."

ಅಷ್ಟು ಹೇಳಿ ಅವಳು ಮೇಜಿನ ಮೇಲಿದ್ದ ರಬ್ಬರು ತೆಗೆದುಕೊಂಡು, ಅವರ ಹೆಸರಿನ ಪಕ್ಕದಲ್ಲಿದ್ದ ಚುಕ್ಕೆಯನ್ನು ಅಳಿಸಿದಳು.